ಮೇಷ್ಟ್ರನ್ನು ಕೇಳದೆ ಬಿಟ್ಟ ಪ್ರಶ್ನೆಗಳು

ನಾನು ಎಂ.ಎಸ್.ಡಬ್ಲ್ಯೂ. ಓದಿದವಳು ಎಂದು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಜಂಬ ಅನ್ನುವವರು ಅನ್ನಲಿ. ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ನಮ್ಮ ಬೀದಿಯಲ್ಲಿ ಆ ಡಿಗ್ರಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನರ್ಸಾ ಅಂದರೆ ಅಲ್ಲ, ಟೀಚರಾ ಅಂದರೆ ಅಲ್ಲ. ಸಮಾಜಕಾರ್ಯ ಎಂದು ಬಿಡಿಸಿ ಹೇಳಿದರೆ, "ಅದ್ನ ಮಾಡಕ್ಕೂ ಓದ್ಬೇಕೇನವ್ವಾ? ನಮ್ಮ ಪಂಚಾಯ್ತಿ ಮೆಂಬ್ರು ಓದ್ದೇನೇ ಮಾಡ್ತಾವ್ನಲ್ಲ" ಎಂದು ಪಕ್ಕದ ಮನೆಯ ಅಜ್ಜಿ ನಕ್ಕಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಅಜ್ಜಿಯ ಜೊತೆ ಒಂದು ವಾರ ಮಾತು ಬಿಟ್ಟೆ.

ಎರಡನೇ ವರ್ಷದಲ್ಲಿ, ಕುಡಿತದ ಚಟಕ್ಕೆ ಬಿದ್ದವರ ಆಪ್ತಸಮಾಲೋಚನೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಂಡಿದ್ದೇನೆ ಎಂದಾಗ ಅಪ್ಪ ಕೂಡ ತಮಾಷೆ ಮಾಡಿದರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ನಾನು ಹುಟ್ಟುವ ಮೊದಲೇ ಬೌದ್ಧ ಧರ್ಮಕ್ಕೆ ಸೇರಿದವರು, ಅಂದಿನಿಂದ ಹೆಂಡ ಸಾರಾಯಿ ಮುಟ್ಟಿದವರಲ್ಲ. ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿ, "ಕುಡೀಬ್ಯಾಡ ಅನ್ನೋದು ಐದನೇ ಶೀಲ. ಅದೊಂದ್ನ ಕಲಿಸಕ್ಕೆ ಯೂನಿವರ್ಸಿಟಿಗೆ ಎರಡು ವರ್ಷ ಬೇಕಾ? ನಾವು ಒಂದೇ ದಿನಕ್ಕೆ ಬಿಟ್ಟೋ ಕಣವ್ವ" ಎಂದರು. ಹಾಗೆ ಅಣಕಿಸುತ್ತಲೇ ನನ್ನ ಟ್ರಂಕಿಗೆ ಹೊಸ ಬೀಗ ತಂದು ಹಾಕಿದರು. ಸ್ಟೇಷನ್ನಿನಲ್ಲಿ ಸಿಕ್ಕಿದವರಿಗೆಲ್ಲ ಮಗಳು ಮೈಸೂರಿನಲ್ಲಿ ಡಬಲ್ ಡಿಗ್ರಿ ಮಾಡುತ್ತಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ. ಅದನ್ನು ನನಗೆ ಹೇಳಿದ್ದು ಅಮ್ಮ.

ಓದು ಮೈಸೂರಿನಲ್ಲಾದರೂ ಕೊನೆಯ ಎರಡು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಉಳಿದು ಕೆಲಸ ಕಲಿಯಬೇಕಿತ್ತು. ಅದಕ್ಕೆ ಫೀಲ್ಡ್‌ವರ್ಕ್ ಎನ್ನುತ್ತಿದ್ದೆವು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ನಾನು ಹಳೇಬೀಡಿನ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಬಂದೆ. ಹಳೆಯ ಛತ್ರವೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಕೇಂದ್ರ ಅದು. ಹದಿನೈದು ಜನ ಗಂಡಸರು ಒಂದೊಂದು ತಿಂಗಳು ಅಲ್ಲಿದ್ದು ಕುಡಿತ ಬಿಡುವುದನ್ನು ಕಲಿತು ಹೋಗುತ್ತಿದ್ದರು. ಬಾಗಿಲಲ್ಲಿ ಎರಡು ಕಲ್ಲಿನ ಕಂಬ ಇದ್ದುದರಿಂದ ಕ್ಯಾಮೆರಾ ನೇತುಹಾಕಿಕೊಂಡ ಪ್ರವಾಸಿಗರು ಇದೂ ಒಂದು ದೇವಸ್ಥಾನವಿರಬೇಕೆಂದು ಚಪ್ಪಲಿ ಬಿಟ್ಟು ಒಳಗೆ ಬಂದುಬಿಡುತ್ತಿದ್ದರು. ಬನಿಯನ್ನಿನಲ್ಲಿ ಕೂತು ಗಂಜಿ ಕುಡಿಯುತ್ತಿದ್ದ ನಮ್ಮವರನ್ನು ನೋಡಿ ಅಷ್ಟೇ ಬೇಗ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು.

ಕೇಂದ್ರದ ಮುಖ್ಯಸ್ಥೆಯೇ ನನ್ನ ಮೇಲ್ವಿಚಾರಕಿ. ಹಿಂದೆ ನರ್ಸ್ ಆಗಿದ್ದು, ಆಮೇಲೆ ಓದಿ ಸಮಾಲೋಚಕಿಯಾದವರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನಾನು ಬರೆದದ್ದನ್ನೆಲ್ಲ ದಿನವೂ ಪೆನ್ಸಿಲ್ ಹಿಡಿದು ಓದುತ್ತಿದ್ದರು. ಹೊಸಬರು ಬಂದ ದಿನ ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆಯ ಫಾರಂ ತುಂಬುವುದು ನನ್ನ ಕೆಲಸ. ಒಟ್ಟು ಹತ್ತೊಂಬತ್ತು ಪ್ರಶ್ನೆ. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಕುಡಿದದ್ದು ಯಾವಾಗ, ಕೆಲಸದ ಜಾಗಕ್ಕೆ ಕುಡಿದು ಹೋದದ್ದುಂಟೇ, ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ್ದುಂಟೇ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೈ ತಡೆಯುವುದಿಲ್ಲ. ನಡುಕ, ಬೆವರು, ಕೆಲವರಿಗೆ ಫಿಟ್ಸ್. ಅದಕ್ಕೆ ಎಷ್ಟು ಮಾತ್ರೆ ಕೊಡಬೇಕೆಂದು ಬೇಲೂರಿನಿಂದ ಬರುತ್ತಿದ್ದ ಡಾಕ್ಟರು ನಾವು ತುಂಬಿದ ಫಾರಂ ನೋಡಿಯೇ ಬರೆಯುತ್ತಿದ್ದರು.

ಆ ಪ್ರಶ್ನೆಗಳನ್ನು ಕೇಳುವುದರಲ್ಲಿ ನಾನು ಗಟ್ಟಿಗಿತ್ತಿ. ಲಾರಿ ಡ್ರೈವರನ್ನೂ ಕೇಳಿದೆ, ಕಣಕಟ್ಟೆ ಕಡೆಯ ತೆಂಗಿನ ತೋಟದ ಸಾಹುಕಾರರನ್ನೂ ಕೇಳಿದೆ. ಮೀಸೆ ತಿರುವಿಕೊಂಡು ಕೂತವರು ನನ್ನ ವಯಸ್ಸು ನೋಡಿ ಬಾಯಿ ಬಿಡದಿದ್ದರೆ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುತ್ತಿದ್ದೆ. "ಈ ಹುಡುಗಿಗೆ ಬಾಯಿದೆ" ಎಂದು ಮೇಡಂ ಎಲ್ಲರೆದುರು ಹೇಳಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಮೂರು ವಾರ ಹೀಗೇ ಮೆರೆದೆ.

ನಾಲ್ಕನೇ ವಾರದ ಸೋಮವಾರ ನಮ್ಮ ಮೇಷ್ಟ್ರು ಬಂದರು.

ಅವರ ವಿಷಯ ಮೊದಲು ಹೇಳಬೇಕು. ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಕಣಕಟ್ಟೆ ಹೋಬಳಿಯ ಒಂದು ಹಳ್ಳಿ ಶಾಲೆಯಲ್ಲಿ. ಆಗ ನಾವು ಅಲ್ಲೇ ಇದ್ದೆವು, ಅರಸೀಕೆರೆಗೆ ಬಂದದ್ದು ಆಮೇಲೆ. ಶಾಲೆಯ ಜಗಲಿಗೆ ಮೂರು ಮೆಟ್ಟಿಲು. ಮೇಷ್ಟ್ರು ಮಗ್ಗಿ ಕೇಳುವಾಗ ನಮ್ಮನ್ನು ಕೆಳಗೆ ನಿಲ್ಲಿಸಿ, ತಾವು ಜಗಲಿಯ ಮೇಲೆ ನಿಲ್ಲುತ್ತಿದ್ದರು. ತಡವರಿಸದೆ, ನೆಲ ನೋಡದೆ, ಅವರ ಕಣ್ಣನ್ನೇ ನೋಡುತ್ತ ಹೇಳಿದರೆ ಒಂದು ಮೆಟ್ಟಿಲು ಮೇಲೆ. ತಪ್ಪಿದರೆ ಕೆಳಗೆ. ಮೂರು ಮಗ್ಗಿ ಸರಿಯಾಗಿ ಹೇಳಿದವರು ಜಗಲಿ ಹತ್ತಿ ಅವರ ಪಕ್ಕ ನಿಂತು ಇಡೀ ಶಾಲೆಯನ್ನು ನೋಡಬಹುದಿತ್ತು. ನಮ್ಮ ಕೇರಿಯ ಮಕ್ಕಳು ಆ ಜಗಲಿ ಹತ್ತಿದ್ದು ಅವರು ಆ ಶಾಲೆಗೆ ಬಂದ ಮೇಲೆಯೇ. ಅದಕ್ಕೆ ಮುಂಚೆ ನಾವು ಕೆಳಗೇ ನಿಂತು ಮಗ್ಗಿ ಹೇಳಿ ಕೆಳಗೇ ಉಳಿಯುತ್ತಿದ್ದೆವು.

ಏಳನೇ ಕ್ಲಾಸು ಮುಗಿದಾಗ ಅವರು ನಮ್ಮ ಮನೆಗೇ ಬಂದರು. ಊರಿನ ಅನುಕೂಲಸ್ಥ ಮನೆತನದವರು ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ನಮ್ಮ ಕೇರಿಗೆ ನಡೆದುಕೊಂಡು ಬಂದು, ಒಳಗೆ ಚಾಪೆಯ ಮೇಲೆ ಕೂತು, ಅಮ್ಮ ಕೊಟ್ಟ ನೀರು ಕುಡಿದು, ಇವಳನ್ನು ಹೈಸ್ಕೂಲಿಗೆ ಕಳಿಸಿ ಎಂದು ಅಪ್ಪನಿಗೆ ಹೇಳಿ ಹೋದರು. ಅವರು ಹತ್ತಿರ ಬಂದರೆ ಲವಂಗದ ವಾಸನೆ ಬರುತ್ತಿತ್ತು. ಸದಾ ಬಾಯಲ್ಲಿ ಒಂದು ಲವಂಗ ಇರುತ್ತಿತ್ತು. ಎಷ್ಟೋ ವರ್ಷ ನನಗೆ ಲವಂಗದ ವಾಸನೆ ಎಂದರೆ ವಿದ್ಯೆಯ ವಾಸನೆ.

ಅದೇ ಮೇಷ್ಟ್ರು ಛತ್ರದ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಹಿಂದೆ ಕೈಚೀಲ ಹಿಡಿದ ಅವರ ಹೆಂಡತಿ. ಶಾಲೆಯಲ್ಲೇ ಕುಸಿದು ಬಿದ್ದು, ಊರವರು ದೂರು ಕೊಟ್ಟು, ಅವರನ್ನು ಅಮಾನತು ಮಾಡಿದ್ದರು. ನಿವೃತ್ತಿಗೆ ಮೂರು ವರ್ಷ ಚಿಲ್ಲರೆ ಬಾಕಿ. ಚಿಕಿತ್ಸೆ ಪಡೆದ ಪತ್ರ ತಂದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಯೋಚಿಸುತ್ತೇವೆ, ಇಲ್ಲದಿದ್ದರೆ ಮನೆಗೆ ಹೋಗಿ ಎಂದು ಮೇಲಧಿಕಾರಿ ಹೇಳಿದ್ದರಂತೆ.

"ಏನಮ್ಮ, ನೀನಾ ಇಲ್ಲಿ?" ಎಂದರು.

ನಾನು ಎದ್ದು ನಿಂತೆ. ನನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟೆ. ಅವರು ಸಮಾಲೋಚಕಿಯ ಕುರ್ಚಿಯಲ್ಲಿ, ನಾನು ಫಾರಂ ಹಿಡಿದು ಅವರೆದುರು ನಿಂತುಕೊಂಡು. ನೋಡಿದವರಿಗೆ ಯಾರು ಯಾರಿಗೆ ಚಿಕಿತ್ಸೆ ಕೊಡುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಹೆಸರು, ಊರು, ಓದು, ಕೆಲಸ ಬರೆದುಕೊಂಡೆ. ಅವನ್ನು ಕೇಳುವುದೇ ಬೇಕಿರಲಿಲ್ಲ. ಐದನೇ ಪ್ರಶ್ನೆಗೆ ಬಂದೆ. ನನ್ನನ್ನು ಜಗಲಿ ಹತ್ತಿಸಿದವರನ್ನು, ನಮ್ಮ ಮನೆಯ ನೀರು ಕುಡಿದವರನ್ನು, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಯಾವ ನಾಲಿಗೆಯಲ್ಲಿ ಕೇಳಲಿ? ಕೇಳಲಿಲ್ಲ. ನಾನೇ ಬರೆದೆ: ಆಗಾಗ, ಸ್ವಲ್ಪ. ಕೊನೆಯ ಸಲ ಕುಡಿದದ್ದು: ಕೆಲವು ದಿನಗಳ ಹಿಂದೆ. ಉಳಿದವಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಏನೋ ಹೇಳಲು ಮುಂದೆ ಬಂದರು. "ಕೂತ್ಕೊಳ್ಳಿ ಅಮ್ಮಾವ್ರೇ, ಎಲ್ಲ ಆಯ್ತು" ಎಂದು ಅವರ ಬಾಯಿಯನ್ನೂ ಮುಚ್ಚಿಸಿದೆ.

ಗುರುತಿನವರು ಬಂದರೆ ತಕ್ಷಣ ಹೇಳಬೇಕು, ಬೇರೆ ಸಮಾಲೋಚಕರಿಗೆ ಒಪ್ಪಿಸುತ್ತೇವೆ ಎಂಬುದು ಕೇಂದ್ರದ ನಿಯಮ. ಮೇಡಂ ಕೇಳಿದಾಗ, "ನಮ್ಮ ಕಡೆಯವರು" ಎಂದಷ್ಟೇ ಹೇಳಿ ಜಾರಿಕೊಂಡೆ. ಮೇಷ್ಟ್ರನ್ನು ಬೇರೆ ಯಾರೋ ಕೂರಿಸಿಕೊಂಡು ಆ ಹತ್ತೊಂಬತ್ತನ್ನು ಕೇಳುವುದು ನನಗೆ ಬೇಕಿರಲಿಲ್ಲ. ಅವರ ಮಾನ ಕಾಪಾಡಿದೆ ಎಂದೇ ಅಂದುಕೊಂಡೆ. ಡಾಕ್ಟರು ನನ್ನ ಫಾರಂ ನೋಡಿ ಸಣ್ಣ ಪ್ರಮಾಣದ ಮಾತ್ರೆ ಬರೆದು ಹೋದರು.

ಮಾರನೇ ದಿನ ಬೆಳಗಿನ ತಿಂಡಿಯ ಹೊತ್ತು. ಮೇಷ್ಟ್ರು ಉಪ್ಪಿಟ್ಟಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ತಟ್ಟೆ ಮೊದಲು ಬಿತ್ತು, ಆಮೇಲೆ ಅವರು. ಕೈಕಾಲು ಸೆಟೆದು ಮೈಯೆಲ್ಲ ಅದುರತೊಡಗಿತು. ಬಾಯಿಂದ ರಕ್ತ ಬಂತು, ನಾಲಿಗೆ ಕಚ್ಚಿಕೊಂಡಿದ್ದರು. ಮೇಡಂ ಓಡಿ ಬಂದು ಅವರನ್ನು ಪಕ್ಕಕ್ಕೆ ಹೊರಳಿಸಿ ತಲೆಯ ಕೆಳಗೆ ತಮ್ಮ ಶಾಲು ಇಟ್ಟರು. ಎರಡು ವರ್ಷ ಓದಿದ್ದ ನಾನು ಮಾಡಿದ್ದು ಅವರ ಫಾರಂ ಹುಡುಕಿ ತಂದದ್ದೊಂದೇ. ಜೀಪಿನಲ್ಲಿ ಬೇಲೂರಿನ ಆಸ್ಪತ್ರೆಗೆ ಸಾಗಿಸಿದೆವು; ರಾತ್ರಿ ಊರಲ್ಲೇ ಉಳಿದಿದ್ದ ಅವರ ಹೆಂಡತಿಯೂ ಹತ್ತಿದರು.

ಅಲ್ಲಿನ ಡಾಕ್ಟರು, "ಎಷ್ಟು ಕುಡೀತಾರೆ? ಕೊನೇ ಸಲ ಯಾವಾಗ?" ಎಂದು ಕೇಳಿದಾಗ ನಾನು ಕೈಯಲ್ಲಿದ್ದ ಫಾರಂ ನೋಡಿದೆ. ನನ್ನದೇ ಅಕ್ಷರ. ಉತ್ತರ ಕೊಟ್ಟವರು ಅವರ ಹೆಂಡತಿ.

"ದಿನಾ ಆರು ಪ್ಯಾಕೆಟ್ ಸಾರಾಯಿ ಬೇಕು ಸಾ. ಎದ್ದೇಟ್ಗೆ ಒಂದ್ ಹಾಕ್ನಿಲ್ಲ ಅಂದ್ರೆ ಕೈ ನಡುಗ್ತದೆ. ನೆನ್ನೆ ಬಸ್ ಇಳ್ದು ಅಲ್ಲೇ ಸ್ಟ್ಯಾಂಡ್ ಹಿಂದ್ಗಡೆನೂ ಕುಡ್ದೇ ಬಂದ್ರು."

ಆಮೇಲೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಅವ್ರುನ್ನ ಕೇಳಕ್ಕೆ ಆಗ್ನಿಲ್ಲ ಅಂದ್ರೆ ನನ್ನಾದ್ರೂ ಕೇಳ್ಬೋದಿತ್ತಲ್ಲವ್ವ. ಇಷ್ಟ್ ವರ್ಷದಲ್ಲಿ ಯಾರೂ ನನ್ನ ಒಂದ್ ಮಾತು ಕೇಳ್ನಿಲ್ಲ. ನೀನು ಓದ್ದೋಳು, ನೀನಾದ್ರೂ ಕೇಳ್ತೀಯ ಅಂತಿದ್ದೆ" ಎಂದರು. ಆ ಮಾತು ನನಗೆ ಕೆನ್ನೆಗೆ ಹೊಡೆದಂತಾಯಿತು. ಹೊಡೆದಿದ್ದರೇ ಚೆನ್ನಾಗಿತ್ತು.

ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಫಾರಂ ತೆಗೆದುಕೊಂಡು ಒಂದೊಂದು ಸಾಲನ್ನೂ ಓದಿದರು. "ನಿನಗೆ ಅವರ ಮೇಲೆ ಇರುವುದು ಗೌರವ ಅಂತ ನನಗೆ ಗೊತ್ತು. ಆದರೆ ಆ ಗೌರವಕ್ಕೆ ಬೆಲೆ ತೆತ್ತವರು ಅವರು. ಅವರ ನಾಲಿಗೆ ನೋಡು" ಎಂದರು. ನಿನ್ನನ್ನು ಪಾಸು ಮಾಡಬೇಕೋ ಬೇಡವೋ ನಾನು ಈಗ ಹೇಳುವುದಿಲ್ಲ, ಅವರು ಎದ್ದು ಕೂತ ಮೇಲೆ ಹೋಗಿ ಮಾಡಿದ್ದನ್ನು ನೀನೇ ಹೇಳು, ಅವರಿಗೆ ನೀನು ಬೇಡವೆಂದರೆ ಬೇರೆಯವರು ನೋಡಿಕೊಳ್ಳುತ್ತಾರೆ ಎಂದರು. ಮೇಷ್ಟ್ರು ಬದುಕಿ ಉಳಿದರು. ಅದನ್ನು ಬರೆಯುವಾಗ ಈಗಲೂ ನನ್ನ ಉಸಿರು ಹಗುರಾಗುತ್ತದೆ.

ಶನಿವಾರ ಅರಸೀಕೆರೆಗೆ ಹೋಗಿ, ಊಟ ಮಾಡದೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ಅಪ್ಪ ಪಕ್ಕಕ್ಕೆ ಬಂದು ಕೂತರು. ಹೇಳಬಾರದಿದ್ದರೂ ನಡೆದದ್ದನ್ನು ಹೇಳಿಬಿಟ್ಟೆ. ಡಿಗ್ರಿ ಬೇಡ, ಮನೆಗೇ ಬಂದುಬಿಡುತ್ತೇನೆ ಎಂದೆ. ಈ ಸಲ ಅಪ್ಪ ತಮಾಷೆ ಮಾಡಲಿಲ್ಲ.

"ಅವತ್ತು ನಮ್ಮನೆ ಒಳಕ್ಕೆ ಬರೋವಾಗ ಅವ್ರು ಯಾರುನ್ನಾದ್ರೂ ಕೇಳುದ್ರಾ? ಯಾರೇನ್ ಅಂದ್ಕತಾರೋ ಅಂತ ನಿಂತ್ಕಂಡ್ರಾ? ಬರ್ಬೇಕಾಗಿತ್ತು, ಬಂದ್ರು. ನೀನೂ ಹಂಗೇ ಹೋಗು" ಎಂದರು. ಆಮೇಲೆ ನನ್ನ ಮುಂದೆ ತಟ್ಟೆ ಇಟ್ಟು, "ಉಣ್ಣು ಮದ್ಲು" ಎಂದರು.

ಸೋಮವಾರ ಹೋದೆ. ಮೇಷ್ಟ್ರು ಕೇಂದ್ರಕ್ಕೆ ವಾಪಸು ಬಂದು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದೇ ವಾರದಲ್ಲಿ ಶರ್ಟು ದೊಡ್ಡದಾಗಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೈ ಚಾಚಿದರು. "ಎಲ್ಲಿ, ಆ ಪೇಪರ್ ಕೊಡು."

ಕೊಟ್ಟೆ. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಅಮಾನತಾದ ಮೇಲೂ ಅದನ್ನು ಜೇಬಿನಿಂದ ತೆಗೆದಿರಲಿಲ್ಲ. ನಡುಗುವ ಕೈಯಲ್ಲಿ ಐದನೇ ಉತ್ತರದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಸೊನ್ನೆ ಬರೆದರು. "ಆಗಾಗ ಅಂದ್ರೆ ಎಷ್ಟಮ್ಮ? ಆರು ಎಂಟ್ಲಿ ಎಷ್ಟು ಅಂದ್ರೆ ಸುಮಾರು ಅಂತಿದ್ಯಾ? ಇಂಥಾ ಉತ್ತರಕ್ಕೆ ನಾನು ಯಾವತ್ತಾದ್ರೂ ಮಾರ್ಕ್ಸ್ ಕೊಟ್ಟಿದ್ನಾ?" ಹತ್ತೊಂಬತ್ತರಲ್ಲಿ ನಾಲ್ಕು ಅಂಕ ಕೊಟ್ಟರು. ಹೆಸರು, ಊರು, ಓದು, ಕೆಲಸ. "ಫೇಲು" ಎಂದು ಹಾಳೆ ಮಡಿಸಿ ವಾಪಸು ಕೊಟ್ಟು, "ಮೈಗೆ ವಸಿ ಬಲ ಬರ್ಲಿ. ಹುಲಿಕೆರೆ ಕೊಳದ ಹತ್ರ ಮತ್ತೆ ಪರೀಕ್ಷೆ ಕೊಡು. ಅಲ್ಲಿ ಬೇಕಾದಷ್ಟು ಮೆಟ್ಟಿಲವೆ" ಎಂದರು. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು.

ಕೇಂದ್ರದವರನ್ನು ಬೆಳಿಗ್ಗೆ ಹುಲಿಕೆರೆಯ ತನಕ ನಡೆಸಿಕೊಂಡು ಹೋಗುವ ರೂಢಿಯಿತ್ತು. ಊರ ಬಳಿ ಹಳೆಯ ಕಾಲದ ಕಲ್ಲಿನ ಕೊಳ, ನಾಲ್ಕೂ ಕಡೆ ಕೆಳಕ್ಕೆ ಇಳಿಯುವ ಮೆಟ್ಟಿಲು, ನಡುನಡುವೆ ಪುಟ್ಟ ಗುಡಿಗಳು. ಒಂದು ವಾರ ಕಳೆದ ಮೇಲೆ ಮೇಷ್ಟ್ರೂ ನಡೆದರು. ಮೇಡಂ ಒಪ್ಪಿದ್ದು ಒಂದು ಷರತ್ತಿನ ಮೇಲೆ: ತಾವೂ ಜೊತೆಗಿರುತ್ತೇನೆ ಎಂದು. ಅವರು ಮಾತು ಕೇಳದಷ್ಟು ದೂರದಲ್ಲಿ, ಕಾಣುವಷ್ಟು ಹತ್ತಿರದಲ್ಲಿ ಮೇಲೆ ಕೂತರು. ಉಳಿದವರು ಮುಂದೆ ನಡೆದು ಹೋದರು. ಮೇಷ್ಟ್ರು ಮೇಲಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ನೀರಿನ ಅಂಚಿಗೆ ಇಳಿಸಿದರು. ತಡವರಿಸದೆ, ನೆಲ ನೋಡದೆ ಕೇಳಿದರೆ ಮೇಲೆ; ಇಲ್ಲದಿದ್ದರೆ ಕೆಳಗೆ.

"ಮೇಷ್ಟ್ರೇ, ದಿನಕ್ಕೆ ಎಷ್ಟು ಕುಡೀತಿದ್ರಿ?" ಎಂದೆ, ನೀರು ನೋಡುತ್ತ.

"ಅಲ್ಲೇ ಇರು."

ಮತ್ತೆ ಕೇಳಿದೆ, ಅವರ ಕಣ್ಣು ನೋಡಿ. "ಆರು ಪ್ಯಾಕೆಟ್. ರಜಾ ದಿನ ಎಂಟು" ಎಂದರು. "ಹತ್ತು ಮೇಲೆ."

ಹೀಗೆ ನಡೆಯಿತು ನನ್ನ ಪರೀಕ್ಷೆ. ಕೆಲವಕ್ಕೆ ಎರಡೆರಡು ಸಲ ಕೆಳಗಿಳಿಸಿದರು. ಒಮ್ಮೆ ನನ್ನ ದನಿ ತೀರಾ ಮೆತ್ತಗಾದಾಗ, "ನಂಗೆ ಪಾಪ ಅನ್ನೋರು ಊರ್ ತುಂಬಾ ಅವ್ರೆ. ನೀನು ಸುಮ್ನೆ ಕೇಳು" ಎಂದು ಗದರಿದರು. ಹನ್ನೊಂದನೇ ಪ್ರಶ್ನೆ ಬಂತು. ಕೆಲಸದ ಜಾಗಕ್ಕೆ ಕುಡಿದು ಹೋದದ್ದುಂಟೇ? ಕಣ್ಣು ಕದಲಿಸದೆ ಕೇಳಿದೆ.

"ಹೋಗಿದೀನಿ. ಇತ್ತೀಚೆಗೆ ಅಂತಲ್ಲ. ನೀನು ನಾಲ್ಕನೇ ಕ್ಲಾಸಲ್ಲಿದ್ದಾಗ್ಲೇ ಶುರುವಾಗಿತ್ತು. ಬೆಳಿಗ್ಗೆ ಒಂದ್ ಗುಟುಕು. ವಾಸ್ನೆ ಬರ್ದೇ ಇರ್ಲಿ ಅಂತ ಲವಂಗ ಹಾಕ್ಕೊಳ್ತಿದ್ದೆ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೇಳಿಯೇ ಬಿಡುತ್ತೇನೆ, ನನಗೆ ಅವರ ಮೇಲೆ ಸಿಟ್ಟು ಬಂತು. ನನ್ನ ಬಾಲ್ಯದ ಅತ್ಯಂತ ಒಳ್ಳೆಯ ವಾಸನೆಯನ್ನು ಅವರು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಯೋಚನೆಯೂ ಬಂತು. ಹದಿಮೂರು ವರ್ಷ ಹೆಂಡತಿಯೊಬ್ಬರನ್ನು ಬಿಟ್ಟು ಯಾರ ಮುಂದೆಯೂ ಒಪ್ಪಿಕೊಳ್ಳದೆ ಬಚ್ಚಿಟ್ಟದ್ದನ್ನು ಅವರು ನನಗೆ ಹೇಳಿದ್ದರು, ನಾನು ಕೇಳಿದೆನೆಂಬ ಒಂದೇ ಕಾರಣಕ್ಕೆ. ಎದ್ದು ನಿಂತೆ.

"ಹತ್ತು" ಎಂದರು.

ಹದಿನಾಲ್ಕನೆಯದು ಹೆಂಡತಿಯ ಮೇಲೆ ಕೈ ಮಾಡಿದ್ದುಂಟೇ ಎಂಬುದು. ಈ ಸಲ ನೆಲ ನೋಡಿದವರು ಅವರು. ನಾನು ಕಾದೆ. ಕಾಯುವುದನ್ನು ನನಗೆ ಯೂನಿವರ್ಸಿಟಿ ಕಲಿಸಿತ್ತು, ಆದರೆ ಅದು ಎಷ್ಟು ಕಷ್ಟವೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಕೊನೆಗೆ ಅವರು ತಲೆಯಾಡಿಸಿ ಹೌದೆಂದರು, ಎಷ್ಟು ಸಲ ಎಂದೂ ಹೇಳಿದರು. ನಾನು ಬರೆದುಕೊಂಡೆ. ಹತ್ತೊಂಬತ್ತೂ ಮುಗಿದಾಗ ಬಿಸಿಲೇರಿತ್ತು, ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಪಾಸು ಎಂದು ಅವರೇನೂ ಹೇಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಮೇಡಂ ನನ್ನ ಹೊಸ ಫಾರಂ ಓದಿ, ಎಲ್ಲಿಯೂ ಪೆನ್ಸಿಲ್ ಹಚ್ಚದೆ ಕೊಟ್ಟರು. ನನ್ನ ಜೀವನದಲ್ಲಿ ಸಿಕ್ಕ ಎಲ್ಲ ಸರ್ಟಿಫಿಕೇಟುಗಳಿಗಿಂತ ಆ ಹಾಳೆಯ ಬಗ್ಗೆ ನನಗೆ ಹೆಮ್ಮೆ ಜಾಸ್ತಿ.

ಅಲ್ಲಿಂದ ಮುಂದಿನ ಮೂರು ವಾರ ಅವರನ್ನು ಮೇಡಂ ನೋಡಿಕೊಂಡರು, ನಾನು ಪಕ್ಕದಲ್ಲಿ ಕೂತು ಕಲಿತೆ. ಹೊರಡುವ ದಿನ ಮೇಲಧಿಕಾರಿಗೆ ಕೊಡಬೇಕಾದ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಸಹಿ ಮೇಡಂದು. ಇಷ್ಟು ದಿನ ಇದ್ದರು, ಚಿಕಿತ್ಸೆ ಪೂರ್ತಿ ಮಾಡಿದರು ಎಂದು ಬರೆದೆ. ಮೇಷ್ಟ್ರು ಓದಿ, "ಶಾಲೆಗೆ ಕುಡ್ದು ಬರ್ತಿದ್ದೆ ಅನ್ನೋದು ಎಲ್ಲಿ? ಮತ್ತೆ ಆಗಾಗ ಅಂತ ಬರ್ದಂಗೇ ಆಯ್ತಲ್ಲ ಇದು" ಎಂದು ಕೆಂಪು ಪೆನ್ನು ತೆಗೆದರು. ನಾನು ಆ ಪತ್ರವನ್ನು ಅವರ ಕೈಯಿಂದ ತೆಗೆದುಕೊಂಡೆ.

"ಇಲ್ಲ ಮೇಷ್ಟ್ರೇ. ನೀವು ನಮಗೆ ಹೇಳಿದ್ದನ್ನ ನಾವು ಯಾರಿಗೂ ಬರೆಯೋ ಹಾಗಿಲ್ಲ. ಅದು ನಿಮ್ಮ ಮಾತು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನಿಮಗೆ ಬಿಟ್ಟದ್ದು" ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಅವರ ಹೆಂಡತಿ ಕೈಚೀಲ ಎತ್ತಿಕೊಂಡರು. ಬಸ್ ಸ್ಟ್ಯಾಂಡಿನವರೆಗೆ ಇಬ್ಬರ ಜೊತೆಯೂ ನಡೆದು ಹೋದೆ.

ಎರಡು ತಿಂಗಳ ಮೇಲೆ ಅವರನ್ನು ಅದೇ ಶಾಲೆಗೆ ವಾಪಸು ತೆಗೆದುಕೊಂಡರು. ನಾನು ಪಾಸಾದೆ, ಒಳ್ಳೆಯ ಕ್ಲಾಸಿನಲ್ಲೇ ಪಾಸಾದೆ, ಅದೇ ಕೇಂದ್ರದಲ್ಲಿ ಕೆಲಸಕ್ಕೂ ಸೇರಿದೆ. ಚಿಕಿತ್ಸೆ ಮುಗಿಸಿದವರ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವುದು ನನ್ನ ಕೆಲಸದ ಭಾಗವಾಗಿತ್ತು. ಮೇಷ್ಟ್ರು ಆ ಮೊದಲ ವರ್ಷವೇ ಒಮ್ಮೆ ಜಾರಿದರು. ಯಾರೋ ನೆಂಟರ ಮದುವೆಯಲ್ಲಿ. ಮಾರನೇ ದಿನ ತಾವೇ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿ, "ನೆನ್ನೆ ಸಾಯಂಕಾಲ, ಎರಡು ಗ್ಲಾಸು" ಎಂದರು. ನಾನು ಕೇಳುವುದಕ್ಕೂ ಬಿಡಲಿಲ್ಲ. ನಾನು ಬರೆದುಕೊಂಡೆ, ಬನ್ನಿ ಎಂದೆ, ಬಂದರು. ಆಮೇಲೆ ಅವರು ಜಾರಲಿಲ್ಲ.

ಅವರು ನಿವೃತ್ತರಾದಾಗ ಶಾಲೆಯಂಗಳದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಹೊತ್ತು, ಶಾಮಿಯಾನ, ಮೈಕು. ಜಗಲಿಯೇ ವೇದಿಕೆ. ಅದೇ ಮೂರು ಮೆಟ್ಟಿಲು. ಅಪ್ಪ ನನಗಿಂತ ಮೊದಲೇ ರೆಡಿಯಾಗಿ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಮೇಷ್ಟ್ರ ಹೆಂಡತಿಯನ್ನು ವೇದಿಕೆಯ ಮೇಲೆ ಗಂಡನ ಪಕ್ಕ ಕೂರಿಸಿದ್ದರು. ಒಬ್ಬೊಬ್ಬರಾಗಿ ಮಾತಾಡಿದರು. ಶಿಸ್ತಿನ ಸಿಪಾಯಿ, ಆದರ್ಶ ಶಿಕ್ಷಕ, ಒಂದು ಕಪ್ಪು ಚುಕ್ಕೆ ಇಲ್ಲದ ಸೇವೆ. ದೂರು ಕೊಟ್ಟವರೂ ಹಾಗೇ ಹೊಗಳಿದರು.

ಮೇಷ್ಟ್ರು ಎದ್ದು ಮೈಕು ಹಿಡಿದರು. "ಎಲ್ರೂ ಚೆನ್ನಾಗಿ ಸುಳ್ಳು ಹೇಳಿದ್ರಿ" ಎಂದರು. ಜನ ನಕ್ಕರು. ಅವರು ನಗಲಿಲ್ಲ. ಸಭೆಯಲ್ಲಿ ನನ್ನನ್ನು ಹುಡುಕಿ, "ಬಾರಮ್ಮ. ಮೊದಲನೇ ಮೆಟ್ಟಿಲ ಹತ್ರ ನಿಂತ್ಕೋ. ಕೇಳು" ಎಂದರು.

ಕೊಳದ ಬಳಿ ಕೇಳಿದ್ದನ್ನು ಊರ ಮುಂದೆ ಕೇಳುವುದು ನಾನು ಕಲಿತ ಎಲ್ಲಕ್ಕೂ ವಿರುದ್ಧ. ಬೇಡ ಎಂದು ತಲೆಯಾಡಿಸಿದೆ. "ನಿಂದೇ ಮಾತು. ಯಾವಾಗ ಹೇಳ್ಬೇಕು ಅನ್ನೋದು ನಂಗೆ ಬಿಟ್ಟಿದ್ದು ಅಂದಿದ್ದೆ" ಎಂದರು ಮೈಕಿನಲ್ಲೇ. ನಾನು ಎದ್ದು ಹೋಗಿ ನಿಂತೆ.

"ಮೇಷ್ಟ್ರೇ, ಕೊನೇ ಸಲ ಕುಡಿದಿದ್ದು ಯಾವಾಗ?"

ಮೇಷ್ಟ್ರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡರು.

"ಎರಡು ವರ್ಷ, ನಾಲ್ಕು ತಿಂಗಳು, ಒಂಬತ್ತು ದಿನ ಆಯ್ತು" ಎಂದರು. "ಹತ್ತು ಮೇಲೆ. ಈಗ ಹನ್ನೊಂದನೇದು."

ನಾನು ಮೊದಲ ಮೆಟ್ಟಿಲು ಹತ್ತಿ ನಿಂತೆ. ನೆಲ ನೋಡಲಿಲ್ಲ. "ಶಾಲೆಗೆ ಕುಡಿದು ಬರ್ತಿದ್ರಾ?"

"ಬರ್ತಿದ್ದೆ. ಇಲ್ಲಿ ಕೂತಿರೋ ಅರ್ಧ ಜನಕ್ಕೆ ಕುಡ್ದೇ ಪಾಠ ಹೇಳಿದೀನಿ. ನನ್ನ ಮಾನ ಉಳಿಸ್ಬೇಕು ಅಂತ ನೀವ್ಯಾರೂ ಕೇಳ್ನಿಲ್ಲ. ಈ ಹುಡುಗಿ ಕೇಳಿದ್ಲು, ಅದ್ಕೇ ಇವತ್ತು ಇಲ್ಲಿ ನಿಂತಿದೀನಿ." ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಹತ್ತು. ಮೂರನೇದು ನೀನೇ ಆರಿಸ್ಕೋ."

ಎರಡನೇ ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಹತ್ತೊಂಬತ್ತೂ ನನಗೆ ಬಾಯಿಪಾಠ. ಆದರೆ ಆ ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ ಬೇಲೂರಿನ ಆಸ್ಪತ್ರೆಯಿಂದ ನನ್ನ ಜೊತೆಗೇ ಬಂದಿತ್ತು. ಕುಟುಂಬದವರ ಜೊತೆಗಿನ ಮಾತುಕತೆಗಳಲ್ಲಿ ಎಷ್ಟೋ ಸಲ ಅವರ ಹೆಂಡತಿಯ ಎದುರು ಕೂತಿದ್ದೆ. ಕೇಳಿದ್ದೆಲ್ಲ ಮೇಷ್ಟ್ರ ಬಗ್ಗೆಯೇ. ನಾನು ಮೇಷ್ಟ್ರ ಪಕ್ಕದ ಕುರ್ಚಿಯ ಕಡೆ ತಿರುಗಿದೆ.

"ಅಮ್ಮಾವ್ರೇ, ನೀವು ಹೇಗಿದ್ದೀರಿ?"

ಅವರು ಗಾಬರಿಯಿಂದ ಗಂಡನ ಕಡೆ ನೋಡಿದರು. ಮೇಷ್ಟ್ರು ಮೈಕನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಅವರು ಎದ್ದರು, ಸೆರಗು ಸರಿಮಾಡಿಕೊಂಡರು, ಮೈಕನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಗ ರಾತ್ರಿ ಹೊತ್ತು ನಿದ್ದೆ ಬತ್ತದೆ ಕಣವ್ವ" ಎಂದರು.

ನಾನು ಮೂರನೇ ಮೆಟ್ಟಿಲು ಹತ್ತಿ ಅವರ ಪಕ್ಕ ನಿಂತುಕೊಂಡೆ.